ಶಾಲೆಗಳಲ್ಲಿ ಸ್ವತಂತ್ರ ಶೈಕ್ಷಣಿಕ ತಂತ್ರಾಂಶಗಳ ಅಂಗೀಕಾರ: ಒಂದು ಅವಲೋಕನ

(ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಪೋಷಕರು, ಹಳೆಯ ವಿದ್ಯಾರ್ಥಿ ಸಂಘಗಳು ಹಾಗೂ ದಾನಿಗಳ ಮಾಹಿತಿಗಾಗಿ)

ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಗಣಕಯಂತ್ರ ಕೊಠಡಿಗಳಲ್ಲಿ ಸ್ವತಂತ್ರ ತಂತ್ರಾಂಶಗಳನ್ನು ಅಳವಡಿಸಲು ಅವಕಾಶ ಕೋರಿ ಸಾರ್ವಜನಿಕರು ಮನವಿ ಸಲ್ಲಿಸುವುದುಂಟು. ಬೆಲೆಯಿಲ್ಲದ, ಯಾರ ಅಪ್ಪಣೆಯೂ ಇಲ್ಲದೆ ಪ್ರತಿ ಮಾಡಿಕೊಳ್ಳಬಹುದಾದ, ಕನ್ನಡಕ್ಕೆ ಅನುವಾದಿಸಿಕೊಳ್ಳಬಹುದಾದ ಒಂದು ವಸ್ತುವನ್ನು ಶಾಲೆಯೊಳಕ್ಕೆ ತರುವುದು ಅತ್ಯಂತ ಸುಲಭದ ಕೆಲಸವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ವಾಸ್ತವದಲ್ಲಿ ಹಣ ಕೊಟ್ಟು ಕೊಳ್ಳುವ ತಂತ್ರಾಂಶ ಶಾಲೆಯನ್ನು ಬೇಗ ತಲುಪುತ್ತದೆ. ಹಣ ಬೇಡದ ತಂತ್ರಾಂಶ ಕಡತದಲ್ಲಿಯೇ ಉಳಿಯುತ್ತದೆ. ಇದಕ್ಕೆ ಕಾರಣಗಳೇನು, ಈ ಅಡಚಣೆಯನ್ನು ದಾಟಿದ ರಾಜ್ಯಗಳು ಏನು ಮಾಡಿದವು, ಮನವಿ ಸಲ್ಲಿಸುವವರು ಯಾವ ಅಂಶಗಳನ್ನು ಗಮನಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಉಚಿತವೂ ಸ್ವತಂತ್ರವೂ ಒಂದೇ ಅಲ್ಲ

ಹಣ ಕೊಡದೆ ದೊರೆಯುವ ತಂತ್ರಾಂಶವೆಲ್ಲವೂ ಸ್ವತಂತ್ರ ತಂತ್ರಾಂಶವಲ್ಲ. ಯಾವ ಉದ್ದೇಶಕ್ಕಾದರೂ ಬಳಸುವ, ಅದರ ಮೂಲ ಸಂಕೇತವನ್ನು ಪರಿಶೀಲಿಸಿ ಬದಲಾಯಿಸಿಕೊಳ್ಳುವ, ಪ್ರತಿಗಳನ್ನು ಇತರರಿಗೆ ಹಂಚುವ ಮತ್ತು ಬದಲಾಯಿಸಿದ ರೂಪವನ್ನು ಸಹ ಹಂಚುವ ನಾಲ್ಕು ಹಕ್ಕುಗಳನ್ನು ಪರವಾನಗಿಯ ಮೂಲಕ ಬಳಕೆದಾರರಿಗೆ ನೀಡುವ ತಂತ್ರಾಂಶವನ್ನು ಮಾತ್ರ ಸ್ವತಂತ್ರ ತಂತ್ರಾಂಶವೆಂದು ಕರೆಯಲಾಗುತ್ತದೆ. ರಿಚರ್ಡ್ ಸ್ಟಾಲ್‌ಮನ್ ಅವರು 1983ರಲ್ಲಿ ಗ್ನೂ ಯೋಜನೆಯನ್ನು ಪ್ರಕಟಿಸಿದರು. 1989ರಲ್ಲಿ ಹೊರಬಂದ ಗ್ನೂ ಸಾರ್ವಜನಿಕ ಪರವಾನಗಿಯು ಈ ಹಕ್ಕುಗಳಿಗೆ ಕಾನೂನಿನ ರೂಪ ನೀಡಿತು. ಶಾಲೆಯ ಮಟ್ಟಿಗೆ ಈ ಭೇದ ಕೇವಲ ತಾತ್ವಿಕವಾದುದಲ್ಲ. ಎರಡು ಉದಾಹರಣೆಗಳನ್ನು ಗಮನಿಸಬಹುದು.

ಮೊದಲನೆಯದು ಫ್ಲ್ಯಾಶ್. 2000ರ ದಶಕದಲ್ಲಿ ಶಾಲೆಗಳಿಗೆಂದು ತಯಾರಿಸಲಾದ ಸಜೀವ ಚಿತ್ರ ಪಾಠಗಳ ಬಹುಭಾಗ ಈ ತಂತ್ರಜ್ಞಾನವನ್ನು ಅವಲಂಬಿಸಿತ್ತು. ಅದನ್ನು ನೋಡಲು ಬೇಕಾದ ತಂತ್ರಾಂಶ ಉಚಿತವಾಗಿತ್ತು, ಸ್ವತಂತ್ರವಾಗಿರಲಿಲ್ಲ. 2020ರ ಡಿಸೆಂಬರ್ 31ರಂದು ಅದರ ಒಡೆತನ ಹೊಂದಿದ್ದ ಸಂಸ್ಥೆಯು ಬೆಂಬಲವನ್ನು ನಿಲ್ಲಿಸಿತು. ಮರು ತಿಂಗಳಿನಿಂದ ಜಾಲವೀಕ್ಷಕಗಳಲ್ಲಿ ಆ ಪಾಠಗಳು ತೆರೆಯದಾದವು. ಸಾರ್ವಜನಿಕ ಹಣದಿಂದ ತಯಾರಾದ ಪಾಠಗಳಿಗೂ ಇದೇ ಗತಿಯಾಯಿತು. ಅದೇ ಅವಧಿಯಲ್ಲಿ, ಮಕ್ಕಳಿಗೆ ಕ್ರಮವಿಧಿ ರಚನೆ ಕಲಿಸುವ ಸ್ಕ್ರ್ಯಾಚ್ ತಂತ್ರಾಂಶವೂ ಫ್ಲ್ಯಾಶ್ ಮೇಲೆಯೇ ನಿಂತಿತ್ತು. ಅದರ ಮೂಲ ಸಂಕೇತ ಮುಕ್ತವಾಗಿದ್ದು, 2019ರ ಜನವರಿಯಲ್ಲಿ ಹೊಸ ತಂತ್ರಜ್ಞಾನದ ಮೇಲೆ ಪುನಃ ರಚಿಸಲಾದ ಆವೃತ್ತಿ ಬಿಡುಗಡೆಯಾದ ಕಾರಣ ಅದರ ಬಳಕೆ ನಿಲ್ಲಲಿಲ್ಲ.

ಎರಡನೆಯದು ಜಿಯೋಜೀಬ್ರಾ. ಪ್ರೌಢಶಾಲಾ ಗಣಿತಕ್ಕೆ ಇಷ್ಟು ಉಪಯುಕ್ತವಾದ ಮತ್ತೊಂದು ಸಾಧನ ಸಿಗುವುದು ಕಷ್ಟ. ತ್ರಿಭುಜದ ಶೃಂಗವನ್ನು ಎಳೆದಂತೆಲ್ಲ ಕೋನಗಳ ಅಳತೆ ಬದಲಾಗುತ್ತದೆ, ಮೊತ್ತ ಮಾತ್ರ 180 ಡಿಗ್ರಿಯಲ್ಲಿಯೇ ನಿಲ್ಲುತ್ತದೆ. ಕಪ್ಪು ಹಲಗೆಯ ಮೇಲೆ ಹತ್ತು ಚಿತ್ರ ಬರೆದರೂ ಮೂಡದ ತಿಳಿವಳಿಕೆ ಈ ಒಂದು ಎಳೆತದಲ್ಲಿ ಮೂಡುತ್ತದೆ. ಇದರ ಮೂಲ ಸಂಕೇತವು ಗ್ನೂ ಸಾರ್ವಜನಿಕ ಪರವಾನಗಿಯಡಿ ಇದೆ. ಆದರೆ ಸಿದ್ಧ ಅನುಸ್ಥಾಪನಾ ಕಡತಗಳು ಹಾಗೂ ಭಾಷಾ ಕಡತಗಳಿಗೆ ವಾಣಿಜ್ಯೇತರ ಬಳಕೆಯ ಷರತ್ತು ಇದೆ. ಶಾಲೆಯ ತರಗತಿಯಲ್ಲಿನ ಬಳಕೆಗೆ ಇದರಿಂದ ಬಾಧಕವಿಲ್ಲ. 2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಬೈಜೂಸ್ ಸಂಸ್ಥೆಯು ಜಿಯೋಜೀಬ್ರಾವನ್ನು ಖರೀದಿಸಿತು. 2024ರ ಜುಲೈನಲ್ಲಿ ಬೈಜೂಸ್‌ನ ಮಾತೃಸಂಸ್ಥೆಯು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮುಂದೆ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಒಡೆತನ ಯಾರ ಕೈಗೆ ಹೋದರೂ ಈಗಾಗಲೇ ಸ್ವತಂತ್ರ ಪರವಾನಗಿಯಡಿ ಪ್ರಕಟವಾಗಿರುವ ಸಂಕೇತವನ್ನು ಹಿಂಪಡೆಯಲು ಬರುವುದಿಲ್ಲ. ಷರತ್ತಿನ ಭಾಗದ ಬಗ್ಗೆ ಅದೇ ಭರವಸೆ ಇಲ್ಲ. ಆದುದರಿಂದ ಮನವಿಯಲ್ಲಿ ತಂತ್ರಾಂಶದ ಹೆಸರಿನ ಮುಂದೆ 'ಉಚಿತ' ಎಂದಷ್ಟೇ ಬರೆಯದೆ ಪರವಾನಗಿಯ ಹೆಸರನ್ನೂ ಬರೆಯುವುದು ಸೂಕ್ತ.

ಕೇರಳದ ಅನುಭವ

ಭಾರತದಲ್ಲಿ ಒಂದು ಇಡೀ ರಾಜ್ಯದ ಶಾಲಾ ವ್ಯವಸ್ಥೆಯು ಸ್ವತಂತ್ರ ತಂತ್ರಾಂಶವನ್ನು ಅಂಗೀಕರಿಸಿದ ಪ್ರಮುಖ ಉದಾಹರಣೆ ನೆರೆಯ ಕೇರಳದ್ದು. ಅಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭವಾಯಿತು. ಇದಕ್ಕೆ ಅಡಿಪಾಯ ಹಾಕಿದ ಕಾರ್ಯಪಡೆಯ ಅಧ್ಯಕ್ಷರಾಗಿದ್ದವರು ಉಡುಪಿ ಜಿಲ್ಲೆಯ ಅದಮಾರಿನಲ್ಲಿ ಜನಿಸಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಅಧ್ಯಕ್ಷರಾದ ಪ್ರೊ. ಯು.ಆರ್. ರಾವ್ ಅವರು. ಯೋಜನೆ ಮೊದಲಿನಿಂದಲೇ ಸ್ವತಂತ್ರ ತಂತ್ರಾಂಶವನ್ನು ಆಧರಿಸಿತ್ತೆಂಬ ಭಾವನೆ ಹಲವರಲ್ಲಿದೆ, ಅದು ಸರಿಯಲ್ಲ. ಆರಂಭದ ವರ್ಷಗಳ ತರಬೇತಿ ಹಾಗೂ ಪಠ್ಯ ಖಾಸಗಿ ಒಡೆತನದ ಕಾರ್ಯಾಚರಣಾ ವ್ಯವಸ್ಥೆಯನ್ನು ಅನುಸರಿಸಿದ್ದವು. ಸಾರ್ವಜನಿಕ ಪಠ್ಯಪುಸ್ತಕವೊಂದು ಒಂದು ಕಂಪನಿಯ ಉತ್ಪನ್ನದ ಬಳಕೆಯ ಕೈಪಿಡಿಯಾಗಬಾರದೆಂದು ಶಿಕ್ಷಕರ ಸಂಘಟನೆಗಳು ಹಾಗೂ ಸ್ವತಂತ್ರ ತಂತ್ರಾಂಶದ ಬಳಕೆದಾರರು ಆಕ್ಷೇಪಿಸಿದರು. ಅದೇ 2001ರ ಜುಲೈನಲ್ಲಿ ತಿರುವನಂತಪುರದಲ್ಲಿ ಭಾರತದ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನ ಉದ್ಘಾಟನೆಯಾಗಿತ್ತು. 2002ರಿಂದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಸ್ವಯಂಸೇವಕರ ಗುಂಪು ಮಲಯಾಳಂ ಅಕ್ಷರ ವಿನ್ಯಾಸಗಳನ್ನೂ ಅನುವಾದಗಳನ್ನೂ ಸಿದ್ಧಪಡಿಸುತ್ತಿತ್ತು. ಸರ್ಕಾರ ಬೇಡವೆಂದರೂ ಬೇಕೆಂದರೂ ಕೈಗೆ ಸಿಗುವಂತಹ ಸಿದ್ಧ ಪರ್ಯಾಯವೊಂದು ಹೊರಗಡೆ ಬೆಳೆಯುತ್ತಿದ್ದುದು ಮುಂದಿನ ನಿರ್ಧಾರಕ್ಕೆ ಬಹಳ ನೆರವಾಯಿತು.

2006ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರದಲ್ಲಿ ಎಂ.ಎ. ಬೇಬಿಯವರು ಶಿಕ್ಷಣ ಸಚಿವರಾಗಿದ್ದ ಅವಧಿಯಲ್ಲಿ ಬದಲಾವಣೆ ವೇಗ ಪಡೆಯಿತು. 2007ರ ರಾಜ್ಯ ಮಾಹಿತಿ ತಂತ್ರಜ್ಞಾನ ನೀತಿಯಲ್ಲಿ ಸ್ವತಂತ್ರ ತಂತ್ರಾಂಶಕ್ಕೆ ಸ್ಥಾನ ದೊರೆಯಿತು. ಯೋಜನೆಯು ತನ್ನದೇ ಆದ ಗ್ನೂ/ಲಿನಕ್ಸ್ ಆವೃತ್ತಿಯನ್ನು ಮೊದಲು ಡೆಬಿಯನ್, ನಂತರ ಉಬುಂಟು ಆಧಾರದ ಮೇಲೆ ರೂಪಿಸಿ ಶಾಲೆಗಳಿಗೆ ವಿತರಿಸಿತು. ಅದರಲ್ಲಿ ಗಣಿತ, ರಸಾಯನಶಾಸ್ತ್ರ, ಭೂಗೋಳ, ಖಗೋಳ ವಿಷಯಗಳ ತಂತ್ರಾಂಶಗಳು ಮೊದಲೇ ಅಳವಟ್ಟಿರುತ್ತವೆ. ಶಾಲೆಯು ಒಂದೊಂದನ್ನೂ ಹುಡುಕಿ ತರಬೇಕಾಗಿಲ್ಲ.

ಕೇರಳದ ಯಶಸ್ಸಿಗೆ ತಂತ್ರಾಂಶದ ಗುಣಮಟ್ಟವೊಂದೇ ಕಾರಣವೆಂದು ಭಾವಿಸುವಂತಿಲ್ಲ. ಅಲ್ಲಿ ಮೂರು ಸಂಗತಿಗಳು ಒಟ್ಟಿಗೆ ನಡೆದವು. ಮಾಹಿತಿ ತಂತ್ರಜ್ಞಾನವು ಪ್ರೌಢಶಾಲೆಯಲ್ಲಿ ಕಡ್ಡಾಯ ವಿಷಯವಾಯಿತು. ಎಸ್.ಎಸ್.ಎಲ್.ಸಿ. ಹಂತದಲ್ಲಿ ಅದಕ್ಕೆ ಗಣಕಯಂತ್ರದ ಮೇಲೆಯೇ ಪ್ರಾಯೋಗಿಕ ಪರೀಕ್ಷೆ ಬಂದಿತು. ಆ ಪರೀಕ್ಷೆ ಕ್ರಮೇಣ ಪೂರ್ಣವಾಗಿ ಸ್ವತಂತ್ರ ವೇದಿಕೆಯ ಮೇಲೆ ನಡೆಯತೊಡಗಿತು. ಪರೀಕ್ಷೆಯಲ್ಲಿ ಬರುವುದನ್ನು ಯಾವ ಶಾಲೆಯೂ ಬಿಡುವುದಿಲ್ಲ. ಸುತ್ತೋಲೆಗಳಿಂದ ಆಗದ ಕೆಲಸ ಇದರಿಂದ ಆಯಿತು. ಇದಕ್ಕಿಂತ ಮುಖ್ಯವಾದುದು ತರಬೇತಿಯ ಏರ್ಪಾಡು. ತರಬೇತುದಾರರಾಗಿ ಹೊರಗಿನ ಕಂಪನಿಯ ನೌಕರರನ್ನು ನೇಮಿಸದೆ, ಕೆಲಸ ಮಾಡುತ್ತಿದ್ದ ಶಿಕ್ಷಕರನ್ನೇ ನಿಯೋಜನೆಯ ಮೇಲೆ ಆರಿಸಿಕೊಳ್ಳಲಾಯಿತು. ಪ್ರತಿ ಪ್ರೌಢಶಾಲೆಯಲ್ಲಿ ಒಬ್ಬ ಶಿಕ್ಷಕರಿಗೆ ಐಟಿ ಸಂಯೋಜಕರ ಹೊಣೆ ವಹಿಸಲಾಯಿತು. ಗಣಕಯಂತ್ರ ಕೆಟ್ಟರೆ ಯಾರನ್ನು ಕೇಳಬೇಕೆಂಬ ಪ್ರಶ್ನೆಗೆ ಶಾಲೆಯೊಳಗೇ ಉತ್ತರವಿತ್ತು.

ಈ ಪಠ್ಯಪುಸ್ತಕಗಳು ಮಲಯಾಳಂ ಮತ್ತು ಇಂಗ್ಲಿಷ್‌ನಲ್ಲಿ ಮಾತ್ರವಲ್ಲದೆ ತಮಿಳು ಮತ್ತು ಕನ್ನಡದಲ್ಲಿಯೂ ದೊರೆಯುತ್ತವೆ. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಸ್ವತಂತ್ರ ತಂತ್ರಾಂಶದ ಪಾಠವನ್ನು ಕನ್ನಡದಲ್ಲಿಯೇ ಓದುತ್ತಾರೆ. ಕನ್ನಡದಲ್ಲಿ ಇಂತಹ ಪಠ್ಯ ಅಸಾಧ್ಯವೆಂದು ವಾದಿಸುವವರು ಗಡಿಯ ಆಚೆಗಿನ ಮಂಜೇಶ್ವರದವರೆಗೆ ಹೋಗಿ ನೋಡಿದರೆ ಸಾಕು.

2017ರಲ್ಲಿ ಈ ಯೋಜನೆಯು ಕೈಟ್ ಎಂಬ ಸರ್ಕಾರಿ ಕಂಪನಿಯಾಗಿ ಪರಿವರ್ತನೆಗೊಂಡಿತು. 2018ರಿಂದ 45,000 ತರಗತಿ ಕೊಠಡಿಗಳಿಗೆ ಗಣಕಯಂತ್ರ ಮತ್ತು ಪ್ರಕ್ಷೇಪಕ ಒದಗಿಸುವ ಹೈಟೆಕ್ ಶಾಲಾ ಯೋಜನೆಯನ್ನು ಅದು ನಿರ್ವಹಿಸಿತು. 2019ರಲ್ಲಿ ಕೈಟ್ ಪ್ರಕಟಿಸಿದ ಅಂದಾಜಿನಂತೆ, ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಗಣಕಯಂತ್ರಗಳಲ್ಲಿ ಸ್ವತಂತ್ರ ತಂತ್ರಾಂಶ ಬಳಸುವುದರಿಂದ 3,000 ಕೋಟಿ ರೂಪಾಯಿ ಉಳಿತಾಯವಾಗುತ್ತದೆ. ಈ ಮೊತ್ತವನ್ನು ಉಲ್ಲೇಖಿಸುವ ಮನವಿದಾರರು ಒಂದು ವಿಷಯವನ್ನು ಗಮನಿಸತಕ್ಕದ್ದು: ಒಂದೊಂದು ಯಂತ್ರಕ್ಕೆ ಎಲ್ಲ ತಂತ್ರಾಂಶಗಳ ಪರವಾನಗಿಗೆ ಕನಿಷ್ಠ ಒಂದೂವರೆ ಲಕ್ಷ ರೂಪಾಯಿ ತಗಲುತ್ತದೆಂಬ ಎಣಿಕೆಯ ಮೇಲೆ ಈ ಲೆಕ್ಕ ನಿಂತಿದೆ. ಖಾಸಗಿ ತಂತ್ರಾಂಶ ಕಂಪನಿಗಳು ಶಾಲೆಗಳಿಗೆ ಭಾರಿ ರಿಯಾಯಿತಿ ನೀಡುವುದು ವಾಡಿಕೆ. ಆ ದರದಲ್ಲಿ ಲೆಕ್ಕ ಹಾಕಿದರೆ ಮೊತ್ತ ಗಣನೀಯವಾಗಿ ಇಳಿಯುತ್ತದೆ. ಉಳಿತಾಯದ ವಾದ ನಿಜವಾದುದೇ ಆದರೂ ಮನವಿಯ ಮುಖ್ಯ ಆಧಾರವಾಗಿ ಅದು ಅಷ್ಟು ಗಟ್ಟಿಯಲ್ಲ. ರಿಯಾಯಿತಿ ದರದ ಪತ್ರವೊಂದು ಮೇಜಿನ ಮೇಲೆ ಬಂದ ದಿನ ಅದು ಕುಸಿಯುತ್ತದೆ. ಶಿಕ್ಷಕರ ಸಾಮರ್ಥ್ಯ ಮತ್ತು ಮಕ್ಕಳ ಭಾಷೆಯ ವಾದ ಹಾಗೆ ಕುಸಿಯುವುದಿಲ್ಲ.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ 2001ರಲ್ಲಿ ಮಾಹಿತಿ ಸಿಂಧು ಯೋಜನೆಯಡಿ ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಕಯಂತ್ರ ಶಿಕ್ಷಣ ಆರಂಭಿಸಲಾಯಿತು. ಮುಂದೆ ಐ.ಸಿ.ಟಿ. ಯೋಜನೆಯ ಹಂತಗಳು ಬಂದವು. ಇವುಗಳಲ್ಲಿ ಹೆಚ್ಚಿನವು ಖಾಸಗಿ ಸಂಸ್ಥೆಯೇ ಪ್ರಯೋಗಾಲಯ ನಿರ್ಮಿಸಿ, ಬೋಧಕರನ್ನು ನೇಮಿಸಿ, ನಿಗದಿತ ವರ್ಷಗಳ ಕಾಲ ನಡೆಸಿ, ಬಳಿಕ ಶಾಲೆಗೆ ಹಸ್ತಾಂತರಿಸುವ ಮಾದರಿಯನ್ನು ಅನುಸರಿಸಿದವು. ಒಪ್ಪಂದದ ಅವಧಿ ಮುಗಿದೊಡನೆ ಬೋಧಕರು ಹೊರಟುಹೋಗುತ್ತಾರೆ. ಯಂತ್ರಗಳು ದಾಸ್ತಾನು ವಹಿಯಲ್ಲಿ ಶಾಲೆಯ ಆಸ್ತಿಯಾಗಿ ಸೇರುತ್ತವೆ. ವಿಷಯ ಶಿಕ್ಷಕರು ಅಷ್ಟು ವರ್ಷ ಆ ಕೊಠಡಿಯ ಹೊಸ್ತಿಲು ದಾಟಿರುವುದಿಲ್ಲವಾದ್ದರಿಂದ ಬಾಗಿಲಿಗೆ ಬೀಗ ಬೀಳುತ್ತದೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯು ಕೇರಳ ಮತ್ತು ಕರ್ನಾಟಕದ ಈ ಎರಡು ಮಾದರಿಗಳನ್ನು ಹೋಲಿಸಿ ನಡೆಸಿದ ಅಧ್ಯಯನವು ಹೊರಗುತ್ತಿಗೆಗಿಂತ ಶಿಕ್ಷಕರನ್ನೇ ಕೇಂದ್ರದಲ್ಲಿಟ್ಟ ಮಾದರಿ ಹೆಚ್ಚು ಫಲಕಾರಿಯೆಂದು ಅಭಿಪ್ರಾಯಪಟ್ಟಿತು.

ರಾಜ್ಯದಲ್ಲಿ ಬೇರೊಂದು ಪ್ರಯತ್ನವೂ ನಡೆದಿದೆ ಮತ್ತು ಅದಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ. ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಹಾಗೂ ಐಟಿ ಫಾರ್ ಚೇಂಜ್ ಸಹಯೋಗದಲ್ಲಿ ವಿಷಯ ಶಿಕ್ಷಕರ ವೇದಿಕೆಯು 2010ರ ದಶಕದ ಆರಂಭದಲ್ಲಿ ರೂಪುಗೊಂಡಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರು ಉಬುಂಟು, ಜಿಯೋಜೀಬ್ರಾ, ಸ್ವತಂತ್ರ ಪದಸಂಸ್ಕಾರಕ ಮುಂತಾದವುಗಳಲ್ಲಿ ತರಬೇತಿ ಪಡೆದು, ತಾವು ತಯಾರಿಸಿದ ಪಾಠ ಸಾಮಗ್ರಿಯನ್ನು ಪರಸ್ಪರ ಹಂಚಿಕೊಳ್ಳತೊಡಗಿದರು. ಇದರ ಮುಂದುವರಿಕೆಯಾಗಿ 2013ರಲ್ಲಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ಕನ್ನಡ ಮತ್ತು ಇಂಗ್ಲಿಷ್‌ನಲ್ಲಿ ಆರಂಭವಾಯಿತು. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದ ಮೇಲೆಯೇ ಅದು ನಡೆಯುತ್ತದೆ. 2016-17ರಲ್ಲಿ ಆರಂಭಗೊಂಡ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮವು ಹೊರಗಿನ ಬೋಧಕರ ಬದಲಿಗೆ ವಿಷಯ ಶಿಕ್ಷಕರಿಗೇ ತರಬೇತಿ ನೀಡುವ ದಾರಿಯನ್ನು ಆಯ್ದುಕೊಂಡಿತು.

ಅಂದರೆ ಕರ್ನಾಟಕದ ಶಾಲೆಗಳಿಗೆ ಸ್ವತಂತ್ರ ತಂತ್ರಾಂಶ ಅಪರಿಚಿತವೇನಲ್ಲ. ಕೇರಳದಲ್ಲಿ ಅದು ಪಠ್ಯ ಮತ್ತು ಪರೀಕ್ಷೆಯೊಳಗೆ ಸೇರಿತು. ಇಲ್ಲಿ ತರಬೇತಿಯೊಳಗೆ ಸೇರಿತು. ತರಬೇತಿ ಪಡೆದ ಶಿಕ್ಷಕರು ವರ್ಗಾವಣೆಯಾದರೆ ತಂತ್ರಾಂಶವೂ ಅವರೊಂದಿಗೆ ವರ್ಗಾವಣೆಯಾದಂತೆಯೇ.

ನೀತಿಗಳು ಹೇಳುವುದೇನು

2012ರ ಶಾಲಾ ಶಿಕ್ಷಣದಲ್ಲಿ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ರಾಷ್ಟ್ರೀಯ ನೀತಿಯು ಶಾಲೆಗಳಲ್ಲಿ ಸ್ವತಂತ್ರ ಮತ್ತು ಮುಕ್ತ ಆಕರ ತಂತ್ರಾಂಶಗಳಿಗೆ ಆದ್ಯತೆ ನೀಡಬೇಕೆಂದು ಸ್ಪಷ್ಟವಾಗಿ ತಿಳಿಸುತ್ತದೆ. ಭಾರತ ಸರ್ಕಾರವು 2015ರಲ್ಲಿ ಹೊರಡಿಸಿದ ಮುಕ್ತ ಆಕರ ತಂತ್ರಾಂಶ ಅಳವಡಿಕೆ ನೀತಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಸ್ತಾವನೆ ಆಹ್ವಾನಿಸುವಾಗ ಮುಕ್ತ ತಂತ್ರಾಂಶವನ್ನು ಆದ್ಯತೆಯ ಆಯ್ಕೆಯಾಗಿ ಪರಿಗಣಿಸುವಂತೆ ಷರತ್ತು ಸೇರಿಸಬೇಕು, ಅದನ್ನು ಕೈಬಿಡುವ ಸರಬರಾಜುದಾರರು ಕಾರಣ ನೀಡಬೇಕು ಎನ್ನುತ್ತದೆ. ಈ ಎರಡನೆಯ ನೀತಿಯು ಕೇಂದ್ರ ಸರ್ಕಾರದ ಸಂಸ್ಥೆಗಳಿಗೂ, ಅದನ್ನು ಅಳವಡಿಸಿಕೊಳ್ಳಲು ಇಚ್ಛಿಸುವ ರಾಜ್ಯಗಳ ಯೋಜನೆಗಳಿಗೂ ಅನ್ವಯಿಸುತ್ತದೆ. ಶಾಲೆಯೊಂದನ್ನು ತಾನಾಗಿಯೇ ಬದ್ಧಗೊಳಿಸುವುದಿಲ್ಲ. ಮನವಿಯಲ್ಲಿ ಇವೆರಡನ್ನೂ ಉಲ್ಲೇಖಿಸಬಹುದು, ಆದರೆ ಆದೇಶವೆಂಬಂತೆ ಉಲ್ಲೇಖಿಸಿದರೆ ಮನವಿಯ ಬಲ ಕುಗ್ಗುತ್ತದೆ.

ಅಂಗೀಕಾರ ಏಕೆ ತಡವಾಗುತ್ತದೆ

ಸಾರ್ವಜನಿಕ ಸಂಗ್ರಹಣೆಯ ಇಡೀ ವ್ಯವಸ್ಥೆ ಬೆಲೆಯುಳ್ಳ ವಸ್ತುವನ್ನು ಕುರಿತು ರೂಪುಗೊಂಡಿದೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಉದ್ದೇಶವೇ ಹಣ ವ್ಯಯವಾಗುವಾಗ ನ್ಯಾಯಯುತ ಸ್ಪರ್ಧೆ ಇರಬೇಕೆಂಬುದು. ಟೆಂಡರು, ದರಪಟ್ಟಿ, ಸರಬರಾಜು ಆದೇಶ, ಖಾತರಿ ಅವಧಿ, ವಾರ್ಷಿಕ ನಿರ್ವಹಣಾ ಒಪ್ಪಂದ, ದಾಸ್ತಾನು ನಮೂದು ಇವೆಲ್ಲವೂ ಮಾರಾಟಗಾರನೊಬ್ಬನಿದ್ದಾನೆಂದು ಭಾವಿಸುತ್ತವೆ. ಸ್ವತಂತ್ರ ತಂತ್ರಾಂಶಕ್ಕೆ ಮಾರಾಟಗಾರನಿಲ್ಲ, ಬಿಲ್ಲು ಇಲ್ಲ. ಬಿಲ್ಲು ಇಲ್ಲದ ವಸ್ತುವಿನ ಬಗ್ಗೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರುವುದಿಲ್ಲವೆಂಬುದು ನಿಜ. ಆದರೆ ಕೆಟ್ಟಾಗ ಹೊಣೆ ಯಾರದೆಂದು ಕೇಳಿದರೆ ಕಡತದಲ್ಲಿ ಹೆಸರಿರುವುದಿಲ್ಲ. ಮುಖ್ಯೋಪಾಧ್ಯಾಯರು ಹಿಂಜರಿಯುವುದು ಈ ಕಾರಣಕ್ಕೆ, ಮತ್ತು ಆ ಹಿಂಜರಿಕೆ ಅಸಮಂಜಸವೇನಲ್ಲ. ಇದಕ್ಕಿರುವ ಉತ್ತರ, ತಂತ್ರಾಂಶವನ್ನೂ ಸೇವೆಯನ್ನೂ ಬೇರ್ಪಡಿಸುವುದು. ತಂತ್ರಾಂಶಕ್ಕೆ ಬೆಲೆಯಿಲ್ಲದಿದ್ದರೂ ಅಳವಡಿಕೆ, ತರಬೇತಿ, ನಿರ್ವಹಣೆ ಇವು ಬೆಲೆಯುಳ್ಳ ಸೇವೆಗಳು. ಇವುಗಳಿಗೆ ದರ ಕರೆಯಲು, ಹೊಣೆ ನಿಗದಿಪಡಿಸಲು ಯಾವ ಅಡ್ಡಿಯೂ ಇಲ್ಲ.

ಇನ್ನೊಂದು ಕಾರಣ ಸದ್ದಿಲ್ಲದ್ದು. ಗಣಕಯಂತ್ರದ ನಿರ್ದಿಷ್ಟತೆಯಲ್ಲಿಯೇ ಒಂದು ಕಾರ್ಯಾಚರಣಾ ವ್ಯವಸ್ಥೆಯ ಹೆಸರನ್ನು ಬರೆದುಬಿಟ್ಟರೆ ಮುಂದಿನ ಎಲ್ಲ ನಿರ್ಧಾರಗಳೂ ಆ ಒಂದು ಸಾಲಿನಲ್ಲಿ ಮುಗಿದುಹೋಗಿರುತ್ತವೆ. ಹೆಸರಿನ ಬದಲಿಗೆ ಬೇಕಾದ ಕೆಲಸವನ್ನು ಬರೆದರೆ, ಎಂದರೆ ಯೂನಿಕೋಡ್ ಕನ್ನಡದಲ್ಲಿ ಬರೆಯಲು ಮತ್ತು ಮುದ್ರಿಸಲು ಬರಬೇಕು, ಜಾಲವೀಕ್ಷಣೆ ಆಗಬೇಕು, ಪ್ರಕ್ಷೇಪಕಕ್ಕೆ ಜೋಡಿಸಲು ಬರಬೇಕು ಎಂದು ಬರೆದರೆ, ಎರಡೂ ಬಗೆಯ ತಂತ್ರಾಂಶಗಳಿಗೆ ಅವಕಾಶ ಉಳಿಯುತ್ತದೆ.

ಕನ್ನಡ ಅಕ್ಷರಗಳ ತೊಡಕನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಯೂನಿಕೋಡ್ ಪೂರ್ವದ ನುಡಿ ಅಥವಾ ಬರಹ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚು ಮಾಡಲಾದ ಪ್ರಶ್ನೆಪತ್ರಿಕೆ, ವರ್ಗಾವಣೆ ಪ್ರಮಾಣಪತ್ರದ ನಮೂನೆ, ಸುತ್ತೋಲೆಗಳನ್ನು ಆ ಅಕ್ಷರ ವಿನ್ಯಾಸಗಳಿಲ್ಲದ ಗಣಕಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಇದನ್ನು ಕಂಡ ಶಾಲೆಯವರು ಲಿನಕ್ಸ್‌ನಲ್ಲಿ ಕನ್ನಡ ಬರುವುದಿಲ್ಲವೆಂದು ತೀರ್ಮಾನಿಸುತ್ತಾರೆ. ತೊಡಕಿರುವುದು ಹಳೆಯ ಕಡತದ ಸಂಕೇತೀಕರಣದಲ್ಲಿ, ಹೊಸ ವ್ಯವಸ್ಥೆಯಲ್ಲಲ್ಲ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಲಭ್ಯವಿವೆ; ಲೋಹಿತ್ ಕನ್ನಡ, ನವಿಲು, ಗುಬ್ಬಿ ಮುಂತಾದ ಸ್ವತಂತ್ರ ಅಕ್ಷರ ವಿನ್ಯಾಸಗಳೂ ಇವೆ. ಆದಾಗ್ಯೂ ಕಚೇರಿಯ ಗುಮಾಸ್ತರ ಯಂತ್ರವನ್ನು ಬದಲಾಯಿಸುವ ಮೊದಲು ಮಕ್ಕಳ ಪ್ರಯೋಗಾಲಯವನ್ನು ಬದಲಾಯಿಸುವುದು ವಿವೇಕದ ಕ್ರಮ. ಪ್ರಯೋಗಾಲಯದಲ್ಲಿ ಹಳೆಯ ಕಡತಗಳ ಹೊರೆ ಇರುವುದಿಲ್ಲ.

ಮುಂದೆ ನೌಕರಿಯಲ್ಲಿ ಬೇರೆ ತಂತ್ರಾಂಶವಿರುತ್ತದೆ, ಮಕ್ಕಳಿಗೆ ಅದನ್ನೇ ಕಲಿಸುವುದು ಲೇಸು ಎಂಬ ವಾದವನ್ನು ಪೋಷಕರೂ ಮಂಡಿಸುತ್ತಾರೆ. 2005ರಲ್ಲಿ ಎಂಟನೇ ತರಗತಿಯ ವಿದ್ಯಾರ್ಥಿಯು ಪ್ರಚಲಿತ ಪದಸಂಸ್ಕಾರಕದ ಪಟ್ಟಿಗಳನ್ನು ಬಾಯಿಪಾಠ ಮಾಡಿದ್ದನೆಂದು ಇಟ್ಟುಕೊಂಡರೆ, 2007ರ ಆವೃತ್ತಿಯಲ್ಲಿ ಆ ಪಟ್ಟಿಗಳೇ ಮಾಯವಾಗಿ ಬೇರೆ ವಿನ್ಯಾಸ ಬಂದಿತ್ತು. ಆತ ಕಲಿಯಬೇಕಾಗಿದ್ದುದು ಶೀರ್ಷಿಕೆ, ಕೋಷ್ಟಕ, ಪುಟವಿನ್ಯಾಸಗಳ ಕಲ್ಪನೆಯನ್ನು. ಅದನ್ನು ಲಿಬ್ರೆಆಫೀಸ್‌ನಲ್ಲಿ ಕಲಿತರೂ ಒಂದೇ.

ಹಳೆಯ ಯಂತ್ರಗಳು ಮತ್ತು ಮಕ್ಕಳ ಮಾಹಿತಿ

ದಾನವಾಗಿ ಬಂದ ಗಣಕಯಂತ್ರಗಳ ವಿಷಯದಲ್ಲಿ ಈಗ ತುರ್ತು ಏರ್ಪಟ್ಟಿದೆ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11ರ ಯಂತ್ರಾಂಶ ಷರತ್ತುಗಳನ್ನು ಪೂರೈಸದ, ಆದರೆ ಚೆನ್ನಾಗಿಯೇ ಕೆಲಸ ಮಾಡುತ್ತಿರುವ ಯಂತ್ರಗಳನ್ನು ಕಂಪನಿಗಳು ಶಾಲೆಗಳಿಗೆ ನೀಡಲು ಮುಂದಾಗುತ್ತವೆ. ಇಂತಹ ಯಂತ್ರಗಳಿಗೆ ಲುಬುಂಟು, ಡೆಬಿಯನ್ ಮುಂತಾದ ಹಗುರ ವ್ಯವಸ್ಥೆಗಳು ಹೊಂದುತ್ತವೆ. ಆದರೆ ಸ್ವತಂತ್ರ ತಂತ್ರಾಂಶದಿಂದ ಯಂತ್ರ ಚಿರಂಜೀವಿಯಾಗುತ್ತದೆಂದು ಭಾವಿಸಬಾರದು. 32 ಬಿಟ್‌ನ ಹಳೆಯ ಯಂತ್ರಗಳಿಗೆ ಉಬುಂಟು ಬಳಗದ ಬೆಂಬಲ ನಿಂತು ವರ್ಷಗಳಾಗಿವೆ. 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 13ರಲ್ಲಿಯೂ ಅವುಗಳಿಗೆ ಅನುಸ್ಥಾಪಕವಿಲ್ಲ. ಅಂತಹ ಯಂತ್ರಗಳ ದಾನವನ್ನು ಸ್ವೀಕರಿಸಿದ ಶಾಲೆಯು ವಾಸ್ತವದಲ್ಲಿ ಇ-ತ್ಯಾಜ್ಯದ ವಿಲೇವಾರಿಯ ಹೊಣೆಯನ್ನು ಸ್ವೀಕರಿಸಿದಂತಾಗುತ್ತದೆ. ದಾನಿಗಳಿಗೆ ನಯವಾಗಿ ಬೇಡವೆನ್ನಬಹುದು.

ಉಚಿತ ಆ್ಯಪ್‌ಗಳ ಬಗ್ಗೆ ಎಚ್ಚರ ಅಗತ್ಯ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು 2022ರ ಮೇ ತಿಂಗಳಿನಲ್ಲಿ ಪ್ರಕಟಿಸಿದ ವರದಿಯಲ್ಲಿ, ಕೋವಿಡ್ ಕಾಲದಲ್ಲಿ 49 ದೇಶಗಳ ಸರ್ಕಾರಗಳು ಶಿಫಾರಸು ಮಾಡಿದ್ದ 164 ಶೈಕ್ಷಣಿಕ ತಂತ್ರಜ್ಞಾನ ಉತ್ಪನ್ನಗಳ ಪೈಕಿ 146 ಮಕ್ಕಳ ಹಕ್ಕುಗಳಿಗೆ ಧಕ್ಕೆ ತರುವ ಬಗೆಯಲ್ಲಿ ಮಾಹಿತಿಯನ್ನು ನಿರ್ವಹಿಸಿದ್ದವೆಂದು ಹೇಳಿತು. ಮುಕ್ತ ಆಕರ ತಂತ್ರಾಂಶವಾದ ಸನ್‌ಬರ್ಡ್ ಮೇಲೆ ಕಟ್ಟಲಾದ ದೀಕ್ಷಾ ವೇದಿಕೆಯ ಹೆಸರೂ ಆ ವರದಿಯಲ್ಲಿ ಬಂದಿತು. ಮೂಲ ಸಂಕೇತ ಮುಕ್ತವಾಗಿರುವುದು ಪರಿಶೀಲನೆಗೆ ದಾರಿ ಮಾಡುತ್ತದೆ. ಪರಿಶೀಲನೆಯ ಕೆಲಸವನ್ನು ತಾನೇ ಮಾಡುವುದಿಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಸಂಗ್ರಹಿಸಲು ಪೋಷಕರ ದೃಢೀಕೃತ ಒಪ್ಪಿಗೆ ಬೇಕು. ಅಧಿನಿಯಮವನ್ನು ಹಂತಹಂತವಾಗಿ ಜಾರಿಗೆ ತರಲಾಗುತ್ತಿದೆ. ಜಿಕಾಂಪ್ರಿಸ್, ಟಕ್ಸ್ ಪೇಂಟ್, ಸ್ಟೆಲೇರಿಯಂ ಮುಂತಾದವುಗಳನ್ನು ಒಮ್ಮೆ ಅಳವಡಿಸಿದರೆ ಅಂತರ್ಜಾಲವಿಲ್ಲದೆ, ಮಗುವಿನ ಹೆಸರನ್ನೂ ಕೇಳದೆ ನಡೆಯುತ್ತವೆ. ಅಂತರ್ಜಾಲ ಸಂಪರ್ಕ ಕೈಕೊಡುವ ಹಳ್ಳಿಯ ಶಾಲೆಗೆ ಇದು ದೊಡ್ಡ ಅನುಕೂಲ.

ಮನವಿ ಸಲ್ಲಿಸುವವರ ಗಮನಕ್ಕೆ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009ರ 22ನೇ ಪ್ರಕರಣದನ್ವಯ ಶಾಲಾ ಅಭಿವೃದ್ಧಿ ಯೋಜನೆಯನ್ನು ತಯಾರಿಸುವುದು ಶಾಲೆಯ ಸಮಿತಿಯ ಕರ್ತವ್ಯ. ತಂತ್ರಾಂಶದ ಪ್ರಸ್ತಾವವನ್ನು ಬಿಡಿ ಪತ್ರವಾಗಿ ಕಳುಹಿಸುವುದಕ್ಕಿಂತ ಸಮಿತಿಯ ಸಭೆಯಲ್ಲಿ ಮಂಡಿಸಿ, ನಡಾವಳಿಯಲ್ಲಿ ದಾಖಲಿಸಿ, ಈ ಯೋಜನೆಯ ಭಾಗವಾಗಿ ಮುಖ್ಯೋಪಾಧ್ಯಾಯರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಸಲ್ಲಿಸುವುದು ಹೆಚ್ಚು ಪರಿಣಾಮಕಾರಿ. ನಡಾವಳಿಯಲ್ಲಿ ದಾಖಲಾದ ಪ್ರಸ್ತಾವವು ಮುಖ್ಯೋಪಾಧ್ಯಾಯರು ಬದಲಾದರೂ ಉಳಿಯುತ್ತದೆ.

ಹತ್ತಾರು ತಂತ್ರಾಂಶಗಳ ಪಟ್ಟಿಯನ್ನು ಲಗತ್ತಿಸಿದ ಮನವಿಗಿಂತ ಒಂದು ತರಗತಿ, ಒಂದು ವಿಷಯ, ಒಂದು ಪಾಠ ಎಂದು ಹೇಳುವ ಮನವಿ ಬೇಗ ಅರ್ಥವಾಗುತ್ತದೆ. ಎಂಟನೇ ತರಗತಿಯ ಗಣಿತದ ಇಂತಹ ಅಧ್ಯಾಯಕ್ಕೆ ಈ ಸಾಧನ, ಇಷ್ಟು ಅವಧಿ, ಬೋಧಿಸುವವರು ಇಂತಹ ಶಿಕ್ಷಕರು ಎಂದು ಬರೆಯತಕ್ಕದ್ದು. ಆ ಶಿಕ್ಷಕರ ಒಪ್ಪಿಗೆ ಇಲ್ಲದ ಮನವಿಯನ್ನು ಸಲ್ಲಿಸದಿರುವುದೇ ಒಳ್ಳೆಯದು. ಪರವಾನಗಿಯ ಹೆಸರು, ತಂತ್ರಾಂಶ ಪಡೆಯುವ ಅಧಿಕೃತ ತಾಣ, ಮುದ್ರಕ ಮತ್ತು ಪ್ರಕ್ಷೇಪಕಗಳು ಹೊಸ ವ್ಯವಸ್ಥೆಯಲ್ಲಿ ನಡೆಯುತ್ತವೆಯೇ ಎಂಬುದರ ಪರೀಕ್ಷೆಯ ಫಲಿತಾಂಶ, ತೊಂದರೆಯಾದಾಗ ಸಂಪರ್ಕಿಸಬೇಕಾದವರ ಹೆಸರು ಇವನ್ನು ಲಗತ್ತಿಸಬೇಕು. ಅನುಸ್ಥಾಪಿಸದೆಯೇ ಪೆನ್‌ಡ್ರೈವ್‌ನಿಂದ ನೇರವಾಗಿ ಉಬುಂಟುವನ್ನು ನಡೆಸಿ ನೋಡಲು ಸಾಧ್ಯವಿರುವುದರಿಂದ ಈ ಪರೀಕ್ಷೆಗೆ ಯಂತ್ರದಲ್ಲಿರುವ ಏನನ್ನೂ ಅಳಿಸಬೇಕಾಗಿಲ್ಲ. ಖಾತರಿ ಅಥವಾ ನಿರ್ವಹಣಾ ಒಪ್ಪಂದದ ಅವಧಿಯಲ್ಲಿರುವ ಯಂತ್ರಗಳನ್ನು ಮುಟ್ಟುವ ಮೊದಲು ಒಪ್ಪಂದದ ಷರತ್ತನ್ನು ಓದುವುದು ಕಡ್ಡಾಯ.

ತರಬೇತಿಗೆ ಹಣವಿಲ್ಲವೆಂಬ ಉತ್ತರ ಬಂದಲ್ಲಿ, ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳು ಕನ್ನಡ ಧ್ವನಿಯಲ್ಲಿಯೂ ಇವೆಯೆಂಬುದನ್ನು ಗಮನಕ್ಕೆ ತರಬಹುದು. ಕೊಲರಾಡೊ ವಿಶ್ವವಿದ್ಯಾನಿಲಯದ ಫೆಟ್ ವಿಜ್ಞಾನ ಪ್ರಯೋಗಗಳ ಕನ್ನಡ ಅನುವಾದಗಳೂ ಇವೆ. ಇವೆರಡನ್ನೂ ಇಳಿಸಿಕೊಂಡು ಅಂತರ್ಜಾಲವಿಲ್ಲದೆ ಬಳಸಬಹುದು.

ಮನವಿಗೆ ಉತ್ತರ ಬಾರದಿದ್ದಲ್ಲಿ, ಅಥವಾ ಶಾಲೆಯ ಪ್ರಯೋಗಾಲಯದ ಸ್ಥಿತಿಯನ್ನು ತಿಳಿಯಬೇಕಾದಲ್ಲಿ, ಮಾಹಿತಿ ಹಕ್ಕು ಅಧಿನಿಯಮ, 2005ರ 6(1)ನೇ ಪ್ರಕರಣದಡಿ ಸಂಬಂಧಪಟ್ಟ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಕರ್ನಾಟಕದ ನಿಯಮಗಳಂತೆ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು, 150 ಪದಗಳನ್ನು ಮೀರದಂತಿರಬೇಕು; ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಏಕೆ ಅಳವಡಿಸಿಲ್ಲವೆಂದು ಕೇಳಿದರೆ ಅದು ಮಾಹಿತಿಯಲ್ಲ, ಅಭಿಪ್ರಾಯವೆಂಬ ಹಿಂಬರಹದೊಂದಿಗೆ ಅರ್ಜಿ ಮರಳುವ ಸಂಭವವಿದೆ. ಅದರ ಬದಲು ನಿರ್ವಹಣಾ ಒಪ್ಪಂದದ ಪ್ರತಿ, ತಂತ್ರಾಂಶ ಪರವಾನಗಿಗಳ ಸಂಖ್ಯೆ ಮತ್ತು ಮುಕ್ತಾಯ ದಿನಾಂಕ, ಕಾರ್ಯನಿರತ ಯಂತ್ರಗಳ ಸಂಖ್ಯೆ, ಪ್ರಯೋಗಾಲಯ ಬಳಕೆ ವಹಿಯ ಪ್ರತಿ ಇವನ್ನು ಕೇಳುವುದು ಸೂಕ್ತ. ಅರ್ಜಿ ತಲುಪಿದ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ನೀಡದಿದ್ದಲ್ಲಿ ಆ ಅವಧಿ ಮುಗಿದ 30 ದಿನಗಳೊಳಗೆ ಪ್ರಥಮ ಮೇಲ್ಮನವಿಯನ್ನು ಸಲ್ಲಿಸಬೇಕು. ಮೂಲ ಅರ್ಜಿಯ ಸ್ವೀಕೃತಿ ಪ್ರತಿಯನ್ನು ಅದರೊಂದಿಗೆ ಲಗತ್ತಿಸುವುದು.